ಕಾವಲುಗಾರನಿಗಿಲ್ಲದ ಭದ್ರತೆ

ಪ್ರತಿ ವರ್ಷ ನಮ್ಮ ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳಿಂದ ಸುಮಾರು 60 ಸಾವಿರ ಮಂದಿ ಸಮವಸ್ತ್ರ ಕಳಚಿ ಹೊರಬರುತ್ತಾರೆ. ಇವರಲ್ಲಿ ಬಹುಪಾಲು ಜನರ ವಯಸ್ಸು 35ರಿಂದ 45ರ ನಡುವೆ ಇರುತ್ತದೆ. ಜನವರಿ 15ರಂದು ಸೇನಾ ದಿನ, ಜುಲೈ 26ರಂದು ಕಾರ್ಗಿಲ್ ವಿಜಯ ದಿವಸ ಬಂದಾಗ ನಾವು ಯೋಧರನ್ನು ನೆನೆಯುತ್ತೇವೆ. ಸನ್ಮಾನ, ಶಾಲು, ಹಾರಗಳೂ ನಡೆಯುತ್ತವೆ. ಆದರೆ ಬಿಡುಗಡೆಯ ಕಾಗದ ಕೈಗೆ ಬಂದ ಮರುದಿನದಿಂದ ಆ ಮನುಷ್ಯನ ಬದುಕು ಹೇಗೆ ಸಾಗುತ್ತದೆ ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬರುವುದು ಅಪರೂಪ. ಬಂದರೂ ಅದು ಪಿಂಚಣಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. 2015ರಲ್ಲಿ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ಗಾಗಿ ದೆಹಲಿಯ ಜಂತರ್ ಮಂತರ್‌ನಲ್ಲಿ ನಿವೃತ್ತ ಸೈನಿಕರು ಧರಣಿ ಕೂತದ್ದು, ಆ ವರ್ಷದ ನವೆಂಬರ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿದ್ದು ಎಲ್ಲರಿಗೂ ನೆನಪಿದೆ. ಆದರೆ ನಾನು ಕಂಡು ಮಾತನಾಡಿಸಿದ ಮಾಜಿ ಸೈನಿಕರಲ್ಲಿ ಹೆಚ್ಚಿನವರ ಮನಸ್ಸನ್ನು ಕೊರೆಯುತ್ತಿದ್ದ ಚಿಂತೆ ಬೇರೆಯದು. ಎರಡನೆಯ ನೌಕರಿ ಸಿಗುತ್ತದೆಯೇ ಎಂಬುದಕ್ಕಿಂತಲೂ, ಸಿಕ್ಕಿದ್ದು ಎಷ್ಟು ದಿನ ಉಳಿಯುತ್ತದೆ ಎಂಬ ಚಿಂತೆ ಅದು.

ರಾಜ್ಯದ ಆಡಳಿತ ಸೇವೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದವನು ನಾನು. ಎರಡು ಜಿಲ್ಲೆಗಳಲ್ಲಿ ಅಪರ ಜಿಲ್ಲಾಧಿಕಾರಿಯಾಗಿದ್ದಾಗ ಮಾಜಿ ಸೈನಿಕರ ಅಹವಾಲು ಸಭೆಗಳಲ್ಲಿ ಕೂರುವುದು ಕರ್ತವ್ಯದ ಭಾಗವಾಗಿತ್ತು. ಜಮೀನು ಮಂಜೂರಾತಿ, ಬಂದೂಕಿನ ಪರವಾನಗಿ, ನೌಕರಿಯ ಮೀಸಲಾತಿ ಈ ಮೂರೂ ವಿಷಯಗಳು ಪ್ರತಿ ಸಭೆಯಲ್ಲಿಯೂ ಬರುತ್ತಿದ್ದವು. ನಿವೃತ್ತಿಯ ನಂತರವೂ ನಾನು ವಾಸಿಸುವ ಬಡಾವಣೆಯಲ್ಲಿ, ಬ್ಯಾಂಕಿನ ಬಾಗಿಲಲ್ಲಿ, ಆಸ್ಪತ್ರೆಯ ಗೇಟಿನಲ್ಲಿ ಇವರೊಂದಿಗೆ ಮಾತು ಬೆಳೆಸುವ ಅಭ್ಯಾಸ ಉಳಿದಿದೆ. ನಾನು 60 ವರ್ಷ ತುಂಬುವವರೆಗೂ ಸರ್ಕಾರಿ ಸಂಬಳ ಪಡೆದವನು. ನನ್ನಷ್ಟೇ, ಹಲವು ಸಲ ನನಗಿಂತ ಕಠಿಣವಾದ ಸೇವೆ ಸಲ್ಲಿಸಿದ ಹವಾಲ್ದಾರನೊಬ್ಬ ನನಗಿಂತ 15 ವರ್ಷ ಮೊದಲೇ ‘ನಿವೃತ್ತ’ನಾಗುತ್ತಾನೆ ಎಂಬ ಸರಳ ಸಂಗತಿಯಿಂದಲೇ ಈ ಚರ್ಚೆ ಆರಂಭವಾಗಬೇಕು.

ಸೇನೆ ಯೌವನದಿಂದ ಕೂಡಿರಬೇಕು ಎಂಬ ತತ್ವವನ್ನು ಯಾರೂ ಅಲ್ಲಗಳೆಯಲಾರರು. ಸಿಯಾಚಿನ್‌ನ ಹಿಮದಲ್ಲಿ 55 ವರ್ಷದ ಸಿಪಾಯಿಯನ್ನು ನಿಲ್ಲಿಸಲಾಗದು. ಆದರೆ ದೇಶದ ಈ ಅಗತ್ಯದ ಬೆಲೆಯನ್ನು ತೆರುವವರು ಯಾರು ಎಂದು ನೋಡಬೇಕು. 40ರ ಆಸುಪಾಸಿನಲ್ಲಿ ಹೊರಬರುವ ಸಿಪಾಯಿಯ ಮಕ್ಕಳು ಆಗ ಐದನೆಯ ಅಥವಾ ಎಂಟನೆಯ ತರಗತಿಯಲ್ಲಿರುತ್ತಾರೆ. ಊರಿನಲ್ಲಿ ಮನೆ ಇನ್ನೂ ಕಟ್ಟಿರುವುದಿಲ್ಲ. ತಂದೆ–ತಾಯಿಗೆ ವಯಸ್ಸಾಗಿರುತ್ತದೆ. ಸಂಸಾರದ ಖರ್ಚಿನ ರೇಖೆ ಮೇಲೇರುತ್ತಿರುವ ಹೊತ್ತಿಗೇ ಆದಾಯದ ರೇಖೆ ಅರ್ಧಕ್ಕೆ ಕುಸಿಯುತ್ತದೆ, ಏಕೆಂದರೆ ಪಿಂಚಣಿ ಎಂಬುದು ಕೊನೆಯ ವೇತನದ ಅರ್ಧ. ಅದರ ಮೇಲೆ ಇನ್ನೊಂದು ಲೆಕ್ಕವಿದೆ. ಸೈನಿಕನು ತನ್ನ ಪಿಂಚಣಿಯ ಅರ್ಧದವರೆಗಿನ ಭಾಗವನ್ನು ಪರಿವರ್ತಿಸಿ ಇಡುಗಂಟಾಗಿ ಪಡೆಯಬಹುದು. ಮನೆ ಕಟ್ಟಲು, ತಂಗಿಯ ಮದುವೆಯ ಸಾಲ ತೀರಿಸಲು ಬಹುತೇಕರು ಹೀಗೆಯೇ ಮಾಡುತ್ತಾರೆ. ಆಮೇಲೆ 15 ವರ್ಷಗಳವರೆಗೆ ಆ ಪಾಲು ತಿಂಗಳ ಪಿಂಚಣಿಯಿಂದ ಕಡಿತವಾಗುತ್ತದೆ. ತುಟ್ಟಿಭತ್ಯೆ ಪೂರ್ಣ ಪಿಂಚಣಿಯ ಮೇಲೆಯೇ ದೊರೆಯುತ್ತದೆ ಎಂಬುದು ನಿಜ. ಆದರೂ ಮಕ್ಕಳ ಶಾಲೆ–ಕಾಲೇಜಿನ ಶುಲ್ಕದ ವರ್ಷಗಳೂ ಕಡಿತದ ಈ 15 ವರ್ಷಗಳೂ ಒಂದೇ ಆಗಿರುತ್ತವೆ. ಹೀಗಾಗಿ ಎರಡನೆಯ ನೌಕರಿ ಅವರಿಗೆ ಹೊತ್ತು ಕಳೆಯುವ ಹವ್ಯಾಸವಲ್ಲ. ಪಿಂಚಣಿ ಬಿಟ್ಟುಹೋದ ಅರ್ಧ ಸಂಸಾರವನ್ನು ಹೊರಬೇಕಾದುದು ಅದೇ.

ಬೆಳಗಾವಿ ಜಿಲ್ಲೆಯ ನಿವೃತ್ತ ಹವಾಲ್ದಾರರೊಬ್ಬರು ಒಮ್ಮೆ ನನ್ನ ಕಚೇರಿಗೆ ಬಂದಿದ್ದರು. ಕಾಶ್ಮೀರದಲ್ಲಿಯೂ ಈಶಾನ್ಯ ಗಡಿಯಲ್ಲಿಯೂ ಸೇವೆ ಸಲ್ಲಿಸಿದವರು. ನಾಲ್ಕು ವರ್ಷದಲ್ಲಿ ಮೂರು ಕಡೆ ಕೆಲಸ ಬದಲಾಗಿತ್ತು. ‘ಸಾಹೇಬ್ರ, ಅಲ್ಲಿ ಜೀವಾ ಹೋಗೂ ಅಂಜಿಕಿ ಇತ್ತರಿ, ನೌಕರಿ ಹೋಗೂ ಅಂಜಿಕಿ ಇರಲಿಲ್ಲ. ಈಗ ತಿಂಗಳಾ ಕೊನೀಗೆ ಯಾರ ಫೋನ್ ಬಂದ್ರೂ ಎದಿ ಧಸಕ್ ಅಂತೈತಿ’ ಎಂದಿದ್ದರು. ಸಂಬಳ ಕಡಿಮೆ ಎಂಬ ದೂರು ಅವರ ಬಾಯಿಂದ ಬರಲಿಲ್ಲ. ಇದು ಒಬ್ಬರ ಮಾತಲ್ಲ. ಬೇರೆ ಬೇರೆ ನುಡಿಯಲ್ಲಿ, ಬೇರೆ ಬೇರೆ ಜಿಲ್ಲೆಗಳಲ್ಲಿ ಇದನ್ನೇ ಕೇಳಿದ್ದೇನೆ.

ಇದರ ಹಿಂದಿನ ಮನಃಸ್ಥಿತಿಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಸೇನೆ ಎಂಬುದು ನಿಯಮಗಳ ಸಂಸ್ಥೆ. ಸೇರಿದ ದಿನವೇ ಹೊರಡುವ ವರ್ಷ ಗೊತ್ತಿರುತ್ತದೆ. ಬಡ್ತಿಗೆ, ರಜೆಗೆ, ಶಿಕ್ಷೆಗೆ, ಪಡಿತರಕ್ಕೆ ಎಲ್ಲಕ್ಕೂ ಬರೆದಿಟ್ಟ ಕ್ರಮವಿದೆ. ತಪ್ಪು ಮಾಡಿದವನನ್ನು ಸೇನೆ ಕಠಿಣವಾಗಿ ದಂಡಿಸುತ್ತದೆ, ಆದರೆ ವಿಚಾರಣೆ ನಡೆಸಿ ದಂಡಿಸುತ್ತದೆ. ಇಂಥ ಲೋಕದಲ್ಲಿ 17–18 ವರ್ಷ ಬದುಕಿದವನು, ಮೇಲ್ವಿಚಾರಕನ ಒಂದು ದೂರವಾಣಿ ಕರೆಗೆ ‘ನಾಳೆಯಿಂದ ಬರಬೇಡಿ’ ಎನ್ನಿಸಿಕೊಳ್ಳುವ ಲೋಕಕ್ಕೆ ಬರುತ್ತಾನೆ. ಅಲ್ಲಿ ಕಳೆದುಹೋಗುವುದು ಆದಾಯ ಮಾತ್ರವಲ್ಲ. ತಾನು ಲೆಕ್ಕಕ್ಕೆ ಸೇರಿದವನು ಎಂಬ ಭಾವವೂ ಹೋಗುತ್ತದೆ.

ಜನರ ಆದ್ಯತೆ ಏನೆಂದು ತಿಳಿಯಲು ಅವರು ಹೇಳುವುದಕ್ಕಿಂತ ಆರಿಸಿಕೊಳ್ಳುವುದನ್ನು ನೋಡಬೇಕು ಎನ್ನುತ್ತದೆ ಅರ್ಥಶಾಸ್ತ್ರ. 1947ರಲ್ಲಿ ಆರಂಭವಾದ ರಕ್ಷಣಾ ಭದ್ರತಾ ದಳ, ಅಂದರೆ ಸೈನಿಕರ ಬಾಯಲ್ಲಿ ‘ಡಿಎಸ್‌ಸಿ’, ಸೇನೆಯ ಕಾರ್ಖಾನೆ, ಉಗ್ರಾಣ, ನೆಲೆಗಳನ್ನು ಕಾಯುತ್ತದೆ. ಇದಕ್ಕೆ ಸೇರುವವರಲ್ಲಿ ಬಹುತೇಕರು ಮಾಜಿ ಸೈನಿಕರೇ. ಇದರ ಕೇಂದ್ರ ಇರುವುದು ಕೇರಳದ ಕಣ್ಣೂರಿನಲ್ಲಿ. ಕೊಡಗಿನಿಂದ ಗಡಿ ದಾಟಿದರೆ ಅಲ್ಲಿಗೆ ಕೆಲವೇ ತಾಸಿನ ಹಾದಿ. ಒಮ್ಮೆ ಹವಾಲ್ದಾರನಾಗಿದ್ದವನು ಅಲ್ಲಿ ಮತ್ತೆ ಸಿಪಾಯಿಯಾಗಿ ನಿಲ್ಲಬೇಕಾಗಬಹುದು. ಮತ್ತೆ ಮನೆಯಿಂದ ದೂರ, ಮತ್ತೆ ರಾತ್ರಿ ಪಾಳಿ. ಆದರೂ ಜನ ಅದಕ್ಕಾಗಿ ಕಾತರಿಸುತ್ತಾರೆ. ಕಾರಣ ಒಂದೇ: ಅಲ್ಲಿಯೂ 15 ವರ್ಷ ಪೂರೈಸಿದರೆ ಎರಡನೆಯ ಪಿಂಚಣಿಗೆ ಹಕ್ಕು ಬರುತ್ತದೆ, ಮತ್ತು ಅಲ್ಲಿಂದ ಯಾರೂ ಒಂದು ಕರೆ ಮಾಡಿ ಮನೆಗೆ ಕಳುಹಿಸಲಾರರು. ಬೆಂಗಳೂರಿನ ಗಾಜಿನ ಕಟ್ಟಡಗಳ ಮುಂದೆ ನಿಂತರೆ ಕೈಗೆ ಹೆಚ್ಚು ಹಣ ಬಂದೀತು; ಆದರೂ ಅವರು ಆರಿಸುವುದು ಅದನ್ನಲ್ಲ.

ಇಷ್ಟು ಜನ ಖಾಯಂ ಕೆಲಸವನ್ನು ಬಯಸುವಾಗ ಸರ್ಕಾರ ಮೀಸಲಾತಿ ಕೊಟ್ಟಿದೆಯಲ್ಲ ಎಂದು ಕೆಲವರು ಕೇಳಬಹುದು. ಕಾಗದದ ಮೇಲೆ ಕೊಟ್ಟಿದೆ. ಕೇಂದ್ರ ಸರ್ಕಾರದ ಇಲಾಖೆಗಳಲ್ಲಿ ‘ಸಿ’ ಗುಂಪಿನ ಶೇ 10 ಮತ್ತು ಹಿಂದಿನ ‘ಡಿ’ ಗುಂಪಿನ ಶೇ 20 ಹುದ್ದೆಗಳು, ಸಾರ್ವಜನಿಕ ಉದ್ದಿಮೆಗಳು ಮತ್ತು ಸರ್ಕಾರಿ ಬ್ಯಾಂಕುಗಳಲ್ಲಿ ಕ್ರಮವಾಗಿ ಶೇ 14.5 ಮತ್ತು ಶೇ 24.5 ಹುದ್ದೆಗಳು ಮಾಜಿ ಸೈನಿಕರಿಗೆ ಮೀಸಲು. ರಾಜ್ಯದ ನೇಮಕಾತಿಗಳಲ್ಲಿಯೂ ಅವರಿಗೆ ಪಾಲಿದೆ. ಇನ್ನು ವಾಸ್ತವ ನೋಡೋಣ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ಅಂಕಿಗಳ ಪ್ರಕಾರ, 2021ರ ಜೂನ್ 30ರಂದು ಕೇಂದ್ರದ 77 ಇಲಾಖೆಗಳಲ್ಲಿ ಮಾಹಿತಿ ಒದಗಿಸಿದ್ದವು 34 ಮಾತ್ರ. ಅವುಗಳಲ್ಲಿ ‘ಸಿ’ ಗುಂಪಿನಲ್ಲಿದ್ದ ಮಾಜಿ ಸೈನಿಕರು ಶೇ 1.29, ‘ಡಿ’ ಗುಂಪಿನಲ್ಲಿ ಶೇ 2.66. ಸಾರ್ವಜನಿಕ ವಲಯದ ಬ್ಯಾಂಕುಗಳ ಚಿತ್ರ ಮಾತ್ರ ಬೇರೆ. ಅಲ್ಲಿ ‘ಸಿ’ ಗುಂಪಿನಲ್ಲಿ ಶೇ 9ಕ್ಕಿಂತ ಹೆಚ್ಚು, ‘ಡಿ’ ಗುಂಪಿನಲ್ಲಿ ಶೇ 21ಕ್ಕಿಂತ ಹೆಚ್ಚು ಮಂದಿ ಇದ್ದರು.

ಬ್ಯಾಂಕುಗಳಿಗೆ ಸಾಧ್ಯವಾದದ್ದು ಇಲಾಖೆಗಳಿಗೆ ಏಕೆ ಸಾಧ್ಯವಾಗಲಿಲ್ಲ? ನನ್ನ ಆಡಳಿತಾನುಭವ ಹೇಳುವುದಿಷ್ಟು. ಬ್ಯಾಂಕಿಗೆ ಸಶಸ್ತ್ರ ಕಾವಲುಗಾರ ಬೇಕು, ಆ ಹುದ್ದೆಗೆ ಸೈನಿಕನಲ್ಲದೆ ಬೇರೆ ಯಾರೂ ಹೊಂದುವುದಿಲ್ಲ. ಹೀಗಾಗಿ ಮೀಸಲಾತಿ ಅಲ್ಲಿ ಕೆಲಸದ ಅಗತ್ಯದೊಂದಿಗೆ ಸೇರಿಕೊಂಡಿದೆ. ಇಲಾಖೆಗಳಲ್ಲಿ ಅದು ರೋಸ್ಟರ್ ಪುಸ್ತಕದ ಒಂದು ಕಾಲಂ ಮಾತ್ರ. ಮಾಜಿ ಸೈನಿಕರ ಮೀಸಲಾತಿ ಸಮತಲ ಮೀಸಲಾತಿ. ಅರ್ಹ ಅಭ್ಯರ್ಥಿ ಸಿಗದಿದ್ದರೆ ಆ ಹುದ್ದೆ ಅದೇ ವರ್ಗದ ಬೇರೆಯವರಿಗೆ ಹೋಗುತ್ತದೆ, ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. 20 ವರ್ಷ ಬಂದೂಕು ಹಿಡಿದವನನ್ನು, ಆಗತಾನೇ ಪದವಿ ಮುಗಿಸಿ ತರಬೇತಿ ಕೇಂದ್ರದಲ್ಲಿ ಎರಡು ವರ್ಷ ಅಭ್ಯಾಸ ಮಾಡಿದ ಹುಡುಗನೊಂದಿಗೆ ಒಂದೇ ಪ್ರಶ್ನೆಪತ್ರಿಕೆಗೆ ಕೂರಿಸಿ ‘ಅರ್ಹರು ಸಿಗಲಿಲ್ಲ’ ಎಂದು ಷರಾ ಬರೆಯುವುದು ಸುಲಭ. 15 ವರ್ಷ ಸೇವೆ ಸಲ್ಲಿಸಿದ ಮೆಟ್ರಿಕ್ ಪಾಸಾದ ಸೈನಿಕನನ್ನು ಪದವಿ ಬಯಸುವ ಕೆಲವು ‘ಸಿ’ ಗುಂಪಿನ ಹುದ್ದೆಗಳಿಗೆ ಅರ್ಹನೆಂದು ಪರಿಗಣಿಸಬಹುದು ಎಂಬ ಕೇಂದ್ರದ ಆದೇಶ 1986ರಿಂದಲೂ ಇದೆ. ಈ ಆದೇಶದ ಪ್ರತಿಯನ್ನು ಅಭ್ಯರ್ಥಿಯೇ ಜೇಬಿನಲ್ಲಿಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನಾನು ನೋಡಿದ್ದೇನೆ.

ನಿಯಮಗಳಲ್ಲಿ ಇನ್ನೊಂದು ಸಂಗತಿ ಅಡಗಿದೆ. ಮೀಸಲಾತಿಯ ಸೌಲಭ್ಯ ಬಳಸಿ ಒಮ್ಮೆ ಸರ್ಕಾರಿ ನೌಕರಿಗೆ ಸೇರಿದವನಿಗೆ ಆ ಸೌಲಭ್ಯ ಮತ್ತೊಮ್ಮೆ ದೊರೆಯುವುದಿಲ್ಲ. ಆದರೆ ಗುತ್ತಿಗೆ ಅಥವಾ ತಾತ್ಕಾಲಿಕ ಆಧಾರದ ಮೇಲೆ, ಮಾಲೀಕನು ಯಾವಾಗ ಬೇಕಾದರೂ ತೆಗೆದುಹಾಕಬಹುದಾದಂಥ ಕೆಲಸದಲ್ಲಿ ಇದ್ದವನು ಮೀಸಲಾತಿಯನ್ನು ಕಳೆದುಕೊಳ್ಳುವುದಿಲ್ಲ ಎಂದು ಸಿಬ್ಬಂದಿ ಇಲಾಖೆಯೇ ಸ್ಪಷ್ಟಪಡಿಸಿದೆ. ನಿಯಮ ನ್ಯಾಯವಾದುದೇ. ಆದರೆ ಅದರ ಧ್ವನಿಯನ್ನು ಗಮನಿಸಿ. ಅಂಥ ಕೆಲಸವನ್ನು ಕೆಲಸವೆಂದು ಲೆಕ್ಕ ಹಾಕಲಾಗದು ಎಂದು ಸ್ವತಃ ಸರ್ಕಾರ ಒಪ್ಪಿಕೊಂಡಂತಾಯಿತು. ಅದೇ ಸರ್ಕಾರ ತನ್ನ ಕಚೇರಿಗಳ ಬಾಗಿಲಲ್ಲಿ ನಿಲ್ಲಿಸುವುದು ಅಂಥ ಕೆಲಸಗಾರರನ್ನೇ.

ಇದು ಹೇಗಾಯಿತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 2008ರಲ್ಲಿ ವರದಿ ನೀಡಿದ ಆರನೆಯ ವೇತನ ಆಯೋಗ ‘ಡಿ’ ಗುಂಪನ್ನೇ ಕೈಬಿಟ್ಟು ಆ ನೌಕರರನ್ನು ‘ಸಿ’ ಗುಂಪಿಗೆ ಏರಿಸಲು ಶಿಫಾರಸು ಮಾಡಿತು. ಇದ್ದವರಿಗೆ ಅದು ಒಳ್ಳೆಯದೇ ಆಯಿತು. ಆದರೆ ಕಾವಲು, ಸ್ವಚ್ಛತೆ, ತೋಟ, ವಾಹನ ಚಾಲನೆಯಂಥ ಕೆಲಸಗಳು ಒಂದೊಂದಾಗಿ ಹೊರಗುತ್ತಿಗೆಗೆ ಹೋದವು. ಮಾಜಿ ಸೈನಿಕರಿಗೆ ಅತಿ ಹೆಚ್ಚು ಪಾಲು ಮೀಸಲಿದ್ದ ಗುಂಪು ಇದೇ ಆಗಿತ್ತು. ಶೇ 20ರ ನಿಯಮ ಪುಸ್ತಕದಲ್ಲಿ ಉಳಿಯಿತು, ಹುದ್ದೆ ಟೆಂಡರ್ ಪುಟಕ್ಕೆ ಹೋಯಿತು. ರಾಜ್ಯದ ಕಥೆಯೂ ಇದೇ. ಹೊರಗುತ್ತಿಗೆಯಲ್ಲಿ ಎಷ್ಟು ವರ್ಷ ದುಡಿದರೂ ಖಾಯಂ ಆಗುವ ದಾರಿ ಈಗ ಹೆಚ್ಚುಕಡಿಮೆ ಮುಚ್ಚಿದೆ. ಗುತ್ತಿಗೆ ಕಾರ್ಮಿಕರನ್ನು ತಾನಾಗಿಯೇ ವಿಲೀನಗೊಳಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ 2001ರಲ್ಲಿ ಹೇಳಿತು. ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್‌ನಲ್ಲಿ, ಕ್ರಮಬದ್ಧ ನೇಮಕಾತಿಯಿಲ್ಲದೆ ಬಂದವರು ಸೇವೆಯ ಅವಧಿಯನ್ನು ಮುಂದಿಟ್ಟು ಖಾಯಂಗೊಳಿಸುವಂತೆ ಕೇಳಲಾರರು ಎಂದಿತು. ಹಿಂಬಾಗಿಲ ನೇಮಕಾತಿಯನ್ನು ತಡೆಯಲು ಆ ತೀರ್ಪು ಅಗತ್ಯವಾಗಿತ್ತು ಎಂದೇ ನಾನು ಭಾವಿಸುತ್ತೇನೆ. ಆದರೆ ಮುಂಬಾಗಿಲನ್ನೂ ಮುಚ್ಚಿದ ಮೇಲೆ ಜನ ಎಲ್ಲಿಂದ ಬರಬೇಕು?

ಈಗ ಗುತ್ತಿಗೆಯ ಒಳಗಿನ ವ್ಯವಹಾರಕ್ಕೆ ಬರುತ್ತೇನೆ, ಏಕೆಂದರೆ ಅಭದ್ರತೆ ಹುಟ್ಟುವುದು ಇಲ್ಲಿಯೇ. ಕಚೇರಿಯೊಂದು ಕಾವಲಿಗಾಗಿ ಟೆಂಡರ್ ಕರೆಯುತ್ತದೆ. ಅವಧಿ ಸಾಮಾನ್ಯವಾಗಿ ಒಂದು ಅಥವಾ ಎರಡು ವರ್ಷ. ಕೂಲಿ ಕನಿಷ್ಠ ವೇತನದ ದರಕ್ಕೆ ಕಟ್ಟಿಬಿದ್ದಿರುವುದರಿಂದ ಏಜೆನ್ಸಿಗಳು ಸ್ಪರ್ಧಿಸುವುದು ಸೇವಾ ಶುಲ್ಕದಲ್ಲಿ. ಅತಿ ಕಡಿಮೆ ನಮೂದಿಸಿದವನಿಗೆ ಗುತ್ತಿಗೆ. ಕೆಲವು ಟೆಂಡರ್‌ಗಳಲ್ಲಿ ಆ ಶುಲ್ಕ ಎಷ್ಟು ಕೆಳಗೆ ಇಳಿಯುತ್ತದೆಂದರೆ, ಏಜೆನ್ಸಿ ನಡೆಸುವವನು ತನ್ನ ಕಚೇರಿಯ ಬಾಡಿಗೆಯನ್ನೂ ಅದರಿಂದ ಕಟ್ಟಲಾರ. ಹಾಗಾದರೆ ಅವನು ಬದುಕುವುದು ಹೇಗೆ? ಸಮವಸ್ತ್ರದ ಹೆಸರಿನಲ್ಲಿ ಕಡಿತ, ವಾರದ ರಜೆ ಇಲ್ಲದ ಪಾಳಿ, ಎಂಟು ಗಂಟೆಯ ಬದಲು ಹನ್ನೆರಡು ಗಂಟೆ, ಎರಡು ತಿಂಗಳು ತಡವಾದ ಸಂಬಳ. ಲೆಕ್ಕಪರಿಶೋಧಕರಿಗೆ ಇದೊಂದೂ ಕಾಣುವುದಿಲ್ಲ, ಅವರಿಗೆ ಕಾಣುವುದು ಕನಿಷ್ಠ ದರ ಮಾತ್ರ. ಪುನರ್ವಸತಿ ಮಹಾನಿರ್ದೇಶನಾಲಯದ ಮೂಲಕ ನಡೆಯುವ, ನಿವೃತ್ತ ಸೇನಾಧಿಕಾರಿಗಳ ಏಜೆನ್ಸಿಗಳಲ್ಲಿ ಪರಿಸ್ಥಿತಿ ಇದಕ್ಕಿಂತ ಮೇಲು ಎಂಬುದನ್ನು ಹೇಳಲೇಬೇಕು. ಆದರೆ ಅಲ್ಲಿಯೂ ಗುತ್ತಿಗೆಗೆ ಅವಧಿಯಿದೆ, ಅವಧಿ ಮುಗಿದ ಮೇಲೆ ಮುಂದಿನ ಏಜೆನ್ಸಿ ಹಳೆಯ ಕಾವಲುಗಾರರನ್ನೇ ಇಟ್ಟುಕೊಳ್ಳಬೇಕೆಂಬ ಬಾಧ್ಯತೆ ಇಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ ಕೂಡ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಆದ್ಯತೆ ‘ನೀಡಬಹುದು’ ಎನ್ನುತ್ತದೆಯೇ ಹೊರತು, ನೇಮಕಗೊಂಡವನು ಉಳಿಯುವ ಬಗ್ಗೆ ಮೌನವಾಗಿದೆ.

ಏಜೆನ್ಸಿ ಬದಲಾದಂತೆ ಸೇವೆ ತುಂಡಾಗುತ್ತದೆ. 1972ರ ಉಪದಾನ ಕಾಯ್ದೆಯ ಪ್ರಕಾರ ಗ್ರಾಚ್ಯುಟಿಗೆ ಐದು ವರ್ಷಗಳ ನಿರಂತರ ಸೇವೆ ಬೇಕಿತ್ತು. ಒಂದೇ ಗೇಟಿನಲ್ಲಿ ಹತ್ತು ವರ್ಷ ನಿಂತರೂ ಐದು ಏಜೆನ್ಸಿಗಳ ನೌಕರನಾಗಿದ್ದವನಿಗೆ ಅದು ಎಂದೂ ಸಿಗಲಿಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೂ ಪ್ರಮಾಣಾನುಸಾರ ಗ್ರಾಚ್ಯುಟಿ ಕೊಡಬೇಕೆಂದು ಸಾಮಾಜಿಕ ಭದ್ರತಾ ಸಂಹಿತೆ ಹೇಳುತ್ತದೆ. ಸ್ವಾಗತಾರ್ಹ ಬದಲಾವಣೆ. ಆದರೆ ಅದರ ಲಾಭ ಪಡೆಯಲು ಕೈಯಲ್ಲೊಂದು ಲಿಖಿತ ಕರಾರು ಬೇಕು. ನಾನು ಕೇಳಿದ ಕಾವಲುಗಾರರಲ್ಲಿ ಹೆಚ್ಚಿನವರ ಬಳಿ ಇದ್ದದ್ದು ಗುರುತಿನ ಚೀಟಿ ಒಂದೇ.

ಇಲ್ಲಿ ಪಿಂಚಣಿಯ ಪ್ರಶ್ನೆ ಬೇರೊಂದು ರೂಪದಲ್ಲಿ ತಲೆ ಹಾಕುತ್ತದೆ. ಬೇರೆ ಆದಾಯವಿರುವ ವ್ಯಕ್ತಿ ಕಡಿಮೆ ಕೂಲಿಗೆ ಒಪ್ಪುವುದಿಲ್ಲ, ಅವನ ಚೌಕಾಸಿಯ ಶಕ್ತಿ ಹೆಚ್ಚು ಎಂದು ನಾವು ಎಂ.ಎ. ತರಗತಿಯಲ್ಲಿ ಓದಿದ್ದೆವು. ನಿರುದ್ಯೋಗಿಗಳ ಸಾಲು ಉದ್ದವಾಗಿರುವ ದೇಶದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ‘ನಿಮಗೆ ಪೆನ್ಷನ್ ಇದೆಯಲ್ಲ’ ಎಂಬುದು ಕಡಿಮೆ ಸಂಬಳ ಕೊಡುವವನ ಮೊದಲ ಮಾತು. ಕೆಲಸದಿಂದ ತೆಗೆಯುವವನ ಕೊನೆಯ ಮಾತೂ ಅದೇ. ಇಬ್ಬರಲ್ಲಿ ಒಬ್ಬನನ್ನು ಬಿಡಿಸಬೇಕಾದಾಗ ಪಿಂಚಣಿ ಇರುವವನನ್ನು ಬಿಡಿಸುವುದು ಮೇಲ್ವಿಚಾರಕನಿಗೆ ಮಾನವೀಯವಾಗಿಯೂ ಕಾಣುತ್ತದೆ. ಲೆಕ್ಕ ಹಾಕಿ ನೋಡಿದರೆ, ದೇಶದ ಬೊಕ್ಕಸ ಸೈನಿಕನ ಹಿಂದಿನ ಸೇವೆಗಾಗಿ ಕೊಡುವ ಹಣದ ಒಂದು ಪಾಲು ಈಗಿನ ಮಾಲೀಕನ ಕೂಲಿ ವೆಚ್ಚವನ್ನು ತಗ್ಗಿಸಲು ಬಳಕೆಯಾಗುತ್ತಿದೆ. ತೆರಿಗೆದಾರರು ಕೊಡುತ್ತಿರುವ ಈ ಸಬ್ಸಿಡಿಯನ್ನು ಯಾವ ಬಜೆಟ್ ದಾಖಲೆಯೂ ತೋರಿಸುವುದಿಲ್ಲ.

ಬೆಂಗಳೂರಿನ ಓದುಗರಿಗೆ ಒಂದು ಘಟನೆ ನೆನಪಿರಬಹುದು. 2013ರ ನವೆಂಬರ್ 19ರ ಬೆಳಿಗ್ಗೆ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂನಲ್ಲಿ ಬ್ಯಾಂಕ್ ಉದ್ಯೋಗಿಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆ ನಡೆಯಿತು. ಇಡೀ ನಗರ ತಲ್ಲಣಿಸಿತು. ಕಾವಲುಗಾರರಿಲ್ಲದ ಎಟಿಎಂಗಳನ್ನು ಮುಚ್ಚಿಸುವುದಾಗಿ ಸರ್ಕಾರ ಗಡುವು ಕೊಟ್ಟಿತು, ಹಲವು ಮುಚ್ಚಿದವು. ಆ ದಿನಗಳಲ್ಲಿ ಏಜೆನ್ಸಿಗಳು ಹಳ್ಳಿಗಳಿಗೂ ಹೋಗಿ ಜನರನ್ನು ಕರೆತಂದವು. ಅವರಲ್ಲಿ ಎಲ್ಲರೂ ಮಾಜಿ ಸೈನಿಕರಲ್ಲ, ಆದರೆ ಸೈನಿಕರೂ ಗಣನೀಯವಾಗಿದ್ದರು. ಕೆಲ ವರ್ಷ ಕಳೆಯುವಷ್ಟರಲ್ಲಿ ಕ್ಯಾಮೆರಾ, ಸೈರನ್, ದೂರದ ನಿಯಂತ್ರಣ ಕೊಠಡಿಗಳು ಬಂದವು. ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿ ಎಟಿಎಂಗಳಿಂದ ಮಾಯವಾಯಿತು. ತಂತ್ರಜ್ಞಾನವನ್ನು ದೂರುವುದು ನನ್ನ ಉದ್ದೇಶವಲ್ಲ; ಬ್ಯಾಂಕಿನ ಲೆಕ್ಕ ಬ್ಯಾಂಕಿಗೆ ಸರಿಯೇ. ಆದರೆ ಭೀತಿಯ ತಿಂಗಳಲ್ಲಿ ಕರೆದು, ಭೀತಿ ಕಳೆದ ಮೇಲೆ ಕಳುಹಿಸಿದ ಆ ಜನರಿಗೆ ನೋಟಿಸ್ ಅವಧಿಯಾಗಲೀ ಪರಿಹಾರವಾಗಲೀ ಸಿಕ್ಕಿತೇ ಎಂದು ಯಾರೂ ಕೇಳಲಿಲ್ಲ.

ಬಂದೂಕಿನ ವಿಷಯವೊಂದಿದೆ, ಇದು ಕಂದಾಯ ಕಚೇರಿಯಲ್ಲಿದ್ದವರಿಗಷ್ಟೇ ಗೊತ್ತಿರುವ ಸಂಗತಿ. ಖಾಸಗಿ ಏಜೆನ್ಸಿಗಳಲ್ಲಿ ಸಶಸ್ತ್ರ ಕಾವಲುಗಾರನಿಗೆ ಬರಿಗೈಯವನಿಗಿಂತ ಹೆಚ್ಚು ಸಂಬಳ. ಆದರೆ ಬಂದೂಕು, ಪರವಾನಗಿ ಎರಡೂ ಬಹುಪಾಲು ಅವನವೇ ಆಗಿರಬೇಕು. ಪರವಾನಗಿಯ ಅವಧಿ 2019ರ ತಿದ್ದುಪಡಿಯವರೆಗೂ ಮೂರು ವರ್ಷವಿತ್ತು, ಈಗ ಐದು. ಚುನಾವಣೆ ಘೋಷಣೆಯಾದೊಡನೆ ಪರವಾನಗಿದಾರರು ಬಂದೂಕನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಹೊರಡುತ್ತದೆ. ಬ್ಯಾಂಕಿನ ಕಾವಲುಗಾರರಿಗೆ ಪರಿಶೀಲನಾ ಸಮಿತಿ ವಿನಾಯಿತಿ ಕೊಡುತ್ತದೆ. ಉಳಿದವರಲ್ಲಿ ಎಷ್ಟೋ ಜನರಿಗೆ ವಿನಾಯಿತಿಯ ಅರ್ಜಿ ಎಲ್ಲಿ ಕೊಡಬೇಕೆಂಬುದೇ ತಿಳಿಯುವುದಿಲ್ಲ. ವಿಧಾನಸಭೆ, ಲೋಕಸಭೆ, ಪಂಚಾಯಿತಿ, ಪುರಸಭೆ ಎಂದು ನಮ್ಮಲ್ಲಿ ಚುನಾವಣೆಗಳಿಗೇನೂ ಕೊರತೆಯಿಲ್ಲ. ಬಂದೂಕು ಠಾಣೆಯಲ್ಲಿದ್ದಷ್ಟು ದಿನ ಆತ ಸಶಸ್ತ್ರ ಕಾವಲುಗಾರನಲ್ಲ. ಆ ವಾರಗಳ ಸಂಬಳ ಕೈಬಿಟ್ಟರೆ ಅದೇ ಪುಣ್ಯ. ಕೆಲವೊಮ್ಮೆ ಜಾಗವೇ ಬೇರೆಯವರ ಪಾಲಾಗಿರುತ್ತದೆ.

ತಾಂತ್ರಿಕ ಕೌಶಲವಿದ್ದವರ ಪಾಡು ಇದಕ್ಕಿಂತ ಉತ್ತಮ ಎಂಬುದು ಸಹಜ ನಿರೀಕ್ಷೆ. ಸ್ವಲ್ಪಮಟ್ಟಿಗೆ ನಿಜ. ಬೆಂಗಳೂರಿನಲ್ಲಿ ವಾಯುಪಡೆಯಿಂದ ಬಂದ ತಂತ್ರಜ್ಞರಿಗೂ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸ್ಯಾಪರ್‌ಗಳಿಗೂ ಬೇಡಿಕೆಯಿದೆ. ಆದರೆ ಯುದ್ಧವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದವನು ನಾಗರಿಕ ವಿಮಾನದ ನಿರ್ವಹಣೆಗೆ ಸಹಿ ಹಾಕಬೇಕಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಪರೀಕ್ಷೆಗಳನ್ನು ಬರೆದು ಪಾಸಾಗಬೇಕು. ಇದನ್ನು ಸೇವೆಯ ಕೊನೆಯ ಎರಡು ವರ್ಷಗಳಲ್ಲಿಯೇ ಸಿದ್ಧಪಡಿಸಿಕೊಂಡವರು ಭದ್ರವಾಗಿ ನೆಲೆಯೂರಿದ್ದಾರೆ. ಬಿಡುಗಡೆಯಾದ ಮೇಲೆ ಯೋಚಿಸಿದವರು ಸಹಾಯಕರಾಗಿಯೇ ಉಳಿದಿದ್ದಾರೆ.

ಇಷ್ಟು ಹೇಳಿದ ಮೇಲೆ ಎದುರಾಗುವ ಆಕ್ಷೇಪವನ್ನು ನಾನು ಬಲ್ಲೆ. ಇಂದು ಯಾರ ನೌಕರಿ ಭದ್ರವಾಗಿದೆ? ಸಾಫ್ಟ್‌ವೇರ್ ಎಂಜಿನಿಯರ್‌ಗೂ ಬೆಳಿಗ್ಗೆ ಮಿಂಚಂಚೆಯಲ್ಲಿ ವಿದಾಯ ಬರುತ್ತದೆ, ಸೈನಿಕನಿಗೆ ಮಾತ್ರ ವಿಶೇಷ ಏಕೆ? ನನ್ನ ಮಗನೇ ಈ ಪ್ರಶ್ನೆ ಕೇಳಿದ್ದಾನೆ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಎಂಜಿನಿಯರ್ ಪ್ರತಿ ವರ್ಷ ತನ್ನ ಕೌಶಲದ ಬೆಲೆಯನ್ನು ಮಾರುಕಟ್ಟೆಯಲ್ಲಿ ಹೆಚ್ಚಿಸಿಕೊಳ್ಳುತ್ತ ಬಂದವನು. ಆ ಅಪಾಯಕ್ಕೆ ತಕ್ಕ ಸಂಬಳವನ್ನೂ ಪಡೆದವನು. ಪದಾತಿ ದಳದ ಸಿಪಾಯಿ ತನ್ನ 20ರಿಂದ 40ರವರೆಗಿನ ವರ್ಷಗಳನ್ನು, ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದ ಕೌಶಲಕ್ಕೆ, ದೇಶದ ಕೋರಿಕೆಯ ಮೇರೆಗೆ ಮೀಸಲಿಟ್ಟವನು. ಅವನನ್ನು 40ರಲ್ಲಿ ಹೊರಗೆ ಕಳುಹಿಸುವ ನಿರ್ಧಾರವೂ ದೇಶದ್ದೇ. ಆ ನಿರ್ಧಾರದ ಹೊಣೆಯನ್ನು ಪಿಂಚಣಿಯೊಂದರಿಂದಲೇ ತೀರಿಸಿಕೊಂಡೆವು ಎನ್ನಲಾಗದು.

ಮಾಲೀಕರ ದೂರನ್ನೂ ದಾಖಲಿಸಬೇಕು. ಮಾಜಿ ಸೈನಿಕರು ಆದೇಶಕ್ಕಾಗಿ ಕಾಯುತ್ತಾರೆ, ಕಿರಿಯ ವಯಸ್ಸಿನ ಮ್ಯಾನೇಜರ್ ಹೇಳಿದರೆ ಸಿಡುಕುತ್ತಾರೆ, ಗಿರಾಕಿಯೊಂದಿಗೆ ನಯವಾಗಿ ಮಾತನಾಡುವುದಿಲ್ಲ ಎಂದು ಹಲವರು ಹೇಳಿದ್ದಾರೆ. ಕೆಲವರ ಮಟ್ಟಿಗೆ ಇದು ನಿಜವೇ. ಆದರೆ ಹಾಸನ ಜಿಲ್ಲೆಯ ನಿವೃತ್ತ ಸುಬೇದಾರರೊಬ್ಬರು ಇದಕ್ಕೆ ಕೊಟ್ಟ ಉತ್ತರವನ್ನೂ ಕೇಳಬೇಕು: ‘ಸಾರ್, ಆರು ತಿಂಗಳಿಗೆ ಹೋಗೋ ಜಾಗ ಅಂತ ಗೊತ್ತಿದ್ರೆ ಯಾರು ಸಾರ್ ಅಲ್ಲಿಯ ರೀತಿ–ನೀತಿ ಕಲೀತಾರೆ?’ ಉಳಿಯುವ ಭರವಸೆ ಇಲ್ಲದ ಕಡೆ ಕಲಿಕೆಗೆ ಬಂಡವಾಳ ಹೂಡುವವರಿಲ್ಲ, ನೌಕರನೂ ಹೂಡುವುದಿಲ್ಲ, ಮಾಲೀಕನೂ ಹೂಡುವುದಿಲ್ಲ. ಅರ್ಥಶಾಸ್ತ್ರದ ಯಾವ ಪಠ್ಯಕ್ಕೂ ಕಡಿಮೆಯಿಲ್ಲದ ವಿವರಣೆ ಅದು.

ಈ ಪ್ರಶ್ನೆ ಇನ್ನು ಮುಂದೆ ಇನ್ನಷ್ಟು ತೀವ್ರವಾಗಲಿದೆ. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಗರಿಷ್ಠ ಶೇ 25ರಷ್ಟು ಜನ ಖಾಯಂ ಆಗಿ ಉಳಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ ಹೊರಡುತ್ತಾರೆ. ಪಿಂಚಣಿಯಿಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ. 2022ರ ಕೊನೆಯಲ್ಲಿ ತರಬೇತಿ ಆರಂಭಿಸಿದ ಮೊದಲ ತಂಡಗಳ ಅವಧಿ 2026ರ ಕೊನೆಗೆ ಮುಗಿಯುವಂಥದ್ದು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ 10ರ ಮೀಸಲಾತಿಯನ್ನು ಗೃಹ ಸಚಿವಾಲಯ 2022ರಲ್ಲಿಯೇ ಪ್ರಕಟಿಸಿತು, ಹಲವು ರಾಜ್ಯಗಳು ಪೊಲೀಸ್ ನೇಮಕಾತಿಯಲ್ಲಿ ಆದ್ಯತೆಯ ಭರವಸೆ ಕೊಟ್ಟಿವೆ. ಸಂತೋಷ. ಆದರೆ ಹಿಂದಿನ ಮೀಸಲಾತಿಯ ಶೇ 10 ಇಲಾಖೆಗಳಲ್ಲಿ ಶೇ 1.29 ಆದ ಇತಿಹಾಸ ಕಣ್ಣ ಮುಂದಿರುವಾಗ ಹೊಸ ಭರವಸೆಯನ್ನು ಆ 22–23 ವರ್ಷದ ಹುಡುಗರು ಹೇಗೆ ನಂಬಬೇಕು? ಹಳೆಯ ಸೈನಿಕನಿಗೆ ಕೆಲಸ ಹೋದರೆ ಅರ್ಧ ಸಂಬಳವಾದರೂ ತಿಂಗಳ ಕೊನೆಗೆ ಬರುತ್ತಿತ್ತು. ಇವರಿಗೆ ಅದೂ ಇಲ್ಲ.

ದೊಡ್ಡ ಪರಿಹಾರವೊಂದು ಬಹಳ ಕಾಲದಿಂದ ಕಡತದಲ್ಲಿದೆ. ಸೇನೆಯಲ್ಲಿ ಕೆಲವು ವರ್ಷ ದುಡಿದವರನ್ನು ನೇರವಾಗಿ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಿಗೆ ವರ್ಗಾಯಿಸಿ 60ರ ಹತ್ತಿರದವರೆಗೂ ಸೇವೆಯಲ್ಲಿರಿಸುವ ಸಲಹೆಯನ್ನು ಆರನೆಯ ವೇತನ ಆಯೋಗ ವಿವರವಾಗಿ ಮುಂದಿಟ್ಟಿತ್ತು. ಒಮ್ಮೆ ತರಬೇತಿ ಪಡೆದವನಿಗೆ ಮತ್ತೊಬ್ಬನ ತರಬೇತಿಯ ಖರ್ಚು ಉಳಿಯುತ್ತದೆ, ಸೇನೆಯ ಪಿಂಚಣಿ ಭಾರವೂ ಇಳಿಯುತ್ತದೆ, ಸೈನಿಕನಿಗೆ ಎರಡನೆಯ ನೌಕರಿಯ ಹುಡುಕಾಟವೇ ಇರುವುದಿಲ್ಲ. ಆದರೆ ಪೊಲೀಸ್ ಪಡೆಗಳಿಗೂ ತಮ್ಮದೇ ನೇಮಕಾತಿ, ತಮ್ಮದೇ ಬಡ್ತಿಯ ಸಾಲು ಇದೆ. ಎರಡು ಸಚಿವಾಲಯಗಳ ನಡುವೆ ಅದು ನಿಂತೇ ಹೋಯಿತು. ಇಂಥ ಕಡತಗಳು ಮೇಜಿನಿಂದ ಮೇಜಿಗೆ ಹೇಗೆ ನಡೆಯುತ್ತವೆ ಎಂಬುದನ್ನು ಬಲ್ಲ ನನಗೆ ಅದರ ಬಗ್ಗೆ ಹೆಚ್ಚಿನ ಆಸೆಯಿಲ್ಲ. ಇಲಾಖೆಗಳು ಮಾಜಿ ಸೈನಿಕರ ಹುದ್ದೆಗಳಲ್ಲಿ ಎಷ್ಟು ತುಂಬಿದವು, ಎಷ್ಟನ್ನು ಬೇರೆಯವರಿಗೆ ಬಿಟ್ಟುಕೊಟ್ಟವು ಎಂದು ಪ್ರತಿ ವರ್ಷ ಪ್ರಕಟಿಸಬೇಕೆಂದರೆ ಮಾತ್ರ ಒಂದು ಸುತ್ತೋಲೆ ಸಾಕು.

ಅದಕ್ಕಿಂತಲೂ ಹತ್ತಿರದ ಕೆಲಸವೊಂದಿದೆ. ಬ್ರಿಟನ್ನಿನಲ್ಲಿ 2006ರ ನಿಯಮಾವಳಿಯೊಂದರ ಪ್ರಕಾರ, ಕಾವಲು ಅಥವಾ ಸ್ವಚ್ಛತೆಯ ಗುತ್ತಿಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಅಲ್ಲಿ ದುಡಿಯುತ್ತಿದ್ದವರು ಅದೇ ಷರತ್ತು, ಅದೇ ಸೇವಾವಧಿಯೊಂದಿಗೆ ಹೊಸ ಗುತ್ತಿಗೆದಾರನ ನೌಕರರಾಗುತ್ತಾರೆ. ನಮ್ಮಲ್ಲಿ ಹಾಗೊಂದು ಕಾನೂನು ಬರುವವರೆಗೂ ಕಾಯಬೇಕಿಲ್ಲ. ಗುತ್ತಿಗೆ ಪಡೆಯುವವನು ಈಗಿರುವ ಮಾಜಿ ಸೈನಿಕ ಸಿಬ್ಬಂದಿಯನ್ನು ಹಿಂದಿನ ಸೇವೆಯ ಲೆಕ್ಕದೊಂದಿಗೆ ಮುಂದುವರಿಸಬೇಕು, ತೆಗೆಯುವುದಾದರೆ ಲಿಖಿತ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಕೊಡಬೇಕು, ನೇಮಕಾತಿ ಪತ್ರದ ಪ್ರತಿ ಕಚೇರಿಗೆ ಸಲ್ಲಿಸದೆ ಮೊದಲ ಬಿಲ್ ಪಾವತಿಯಾಗದು ಎಂದು ಟೆಂಡರ್ ದಾಖಲೆಯಲ್ಲಿ ಷರತ್ತು ಸೇರಿಸಲು ಯಾವ ಇಲಾಖಾ ಮುಖ್ಯಸ್ಥನಿಗೂ ಅಡ್ಡಿಯಿಲ್ಲ. ಸೇವಾ ಶುಲ್ಕಕ್ಕೆ ಒಂದು ಕೆಳಮಿತಿಯನ್ನೂ ಅದೇ ಪುಟದಲ್ಲಿ ನಮೂದಿಸಬಹುದು. ದರ ಸ್ವಲ್ಪ ಏರುತ್ತದೆ. ಲೆಕ್ಕಪರಿಶೋಧನೆಯವರು ಆಕ್ಷೇಪ ಬರೆಯುತ್ತಾರೆ, ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ. ನಮ್ಮ ಜಿಲ್ಲಾ ಕಚೇರಿಗಳಲ್ಲಿ ಹೆಚ್ಚಿನವುಗಳ ಕಾವಲು ಗುತ್ತಿಗೆ ಏಪ್ರಿಲ್‌ನಲ್ಲಿ ನವೀಕರಣಕ್ಕೆ ಬರುತ್ತದೆ. ಟೆಂಡರ್ ಕರಡು ಸಿದ್ಧವಾಗುವುದು ಡಿಸೆಂಬರ್–ಜನವರಿಯಲ್ಲಿ.